ನವೆಂಬರ್ ತನಕ ಕಾಯಬೇಡಿ, ಗೊರವ ಹಕ್ಕಿ ಆಗಲೇ ಬಂದಿದೆ

ಪ್ರಶ್ನೆ: ಮೇಡಂ, ನಾನು ಶ್ರೀನಿವಾಸಪುರ ತಾಲೂಕಿನ ಒಂದು ಹಳ್ಳಿಯಲ್ಲಿ ಮೇಷ್ಟ್ರು. ದಿನಾ ಬೆಳಿಗ್ಗೆ ಮಗಳ ಜೊತೆ ಕೆರೆ ಏರಿ ಮೇಲೆ ನಡೆಯುತ್ತೇನೆ. ಬೇಸಿಗೆಯಲ್ಲಿ ಕಂಡ ಹಕ್ಕಿಗಳನ್ನು ಅವಳು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ. ಟಿಟ್ಟಿಭ, ಮೆಟ್ಟುಗಾಲು ಹಕ್ಕಿ, ಗುಳುಮುಳುಕ, ಚುಕ್ಕೆ ಬಾತು, ಬೆಳ್ಳಕ್ಕಿ, ಬಣ್ಣದ ಕೊಕ್ಕರೆ. ಜುಲೈ 27ರಿಂದ ಹೊಸಬರು ಕಾಣುತ್ತಿದ್ದಾರೆ. ತೂಬಿನ ಹತ್ತಿರ ಒಂಟಿಯಾಗಿ ಒಂದು ಕಪ್ಪು ಕಪ್ಪಾದ ಹಕ್ಕಿ, ಹಾರುವಾಗ ಬಾಲದ ಬುಡ ಬೆಳ್ಳಗೆ. ಕೋಡಿ ಕಲ್ಲಿನ ಮೇಲೆ ಬಾಲ ಕುಣಿಸುವ ಎರಡು ಕಂದು ಹಕ್ಕಿ. ಕೆಸರಿನಲ್ಲಿ ಓಡಿ ಓಡಿ ನಿಲ್ಲುವ, ಗುಬ್ಬಚ್ಚಿಗಿಂತ ಸ್ವಲ್ಪ ದಪ್ಪನೆಯ ನಾಲ್ಕೈದು ಹಕ್ಕಿ. ಇವು ನಮ್ಮವೋ, ಹೊರಗಿನವೋ? ವಲಸೆ ಹಕ್ಕಿ ಬರುವುದು ನವೆಂಬರಿನಲ್ಲಿ ತಾನೇ? ಇನ್ನೊಂದು ವಿಷಯ. ಮುಂದಿನ ಬೇಸಿಗೆಗೆ ಕೆರೆ ಹೂಳೆತ್ತಿಸುತ್ತಾರಂತೆ. ಅದರಿಂದ ಹಕ್ಕಿಗಳಿಗೆ ಒಳ್ಳೆಯದಾಗುತ್ತದಾ?

ಉತ್ತರ: ಮೇಷ್ಟ್ರೇ, ನಮಸ್ಕಾರ. ಮೊದಲು ನಿಮ್ಮ ಮಗಳಿಗೆ ನನ್ನ ಶಭಾಷ್ ತಿಳಿಸಿ. "ಹಾರುವಾಗ ಬಾಲದ ಬುಡ ಬೆಳ್ಳಗೆ" ಅಂತ ಬರೆದಿದ್ದಾಳಲ್ಲ, ಅದೊಂದೇ ಸಾಲು ಸಾಕು, ಹಕ್ಕಿ ಯಾವುದು ಅಂತ ಹೇಳಬಹುದು. ತುಂಬಾ ಜನ ಕಂದು ಹಕ್ಕಿ, ಉದ್ದ ಕೊಕ್ಕು ಅಂತ ಬರೆದು ಕಳಿಸುತ್ತಾರೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ಕೆಸರಿನ ಹಕ್ಕಿಗಳೆಲ್ಲ ಕಂದೇ, ಎಲ್ಲದರ ಕೊಕ್ಕೂ ಉದ್ದವೇ.

ನೀವು ಹೇಳಿದ ಮೂರರಲ್ಲಿ ಎರಡು ಹೊರಗಿನಿಂದ ಬಂದವು. ಒಂದು ಮಾತ್ರ ನಿಮ್ಮ ಕೆರೆಯದೇ. ಮತ್ತೆ ವಲಸೆ ಶುರುವಾಗುವುದು ನವೆಂಬರಿನಲ್ಲಿ ಅಲ್ಲ, ಜುಲೈ ಕೊನೆಯಲ್ಲಿ. ಪುಷ್ಯ ಮಳೆ ಮುಗಿದು ಆಶ್ಲೇಷ ಮಳೆ ಹಿಡಿಯುವ ಹೊತ್ತು. ನಿಮ್ಮ ತಾರೀಕು ಸರಿಯಾಗಿಯೇ ಇದೆ.

ತೂಬಿನ ಹತ್ತಿರ ಇರುವ ಒಂಟಿ ಹಕ್ಕಿಯಿಂದ ಶುರು ಮಾಡುತ್ತೇನೆ. ಅದು ಗ್ರೀನ್ ಸ್ಯಾಂಡ್‌ಪೈಪರ್. ಕನ್ನಡದಲ್ಲಿ ಈ ಗುಂಪಿನ ಹಕ್ಕಿಗಳಿಗೆ ಗೊರವ ಅನ್ನುತ್ತಾರೆ, ಹಾಗಾಗಿ ಹಸಿರು ಗೊರವ ಅಂತ ಕರೆಯೋಣ. ಹೆಸರಲ್ಲಿ ಹಸಿರಿದ್ದರೂ ಮೈಯಲ್ಲಿ ಹಸಿರು ಹುಡುಕಬೇಡಿ. ಕಾಲಿನಲ್ಲಿ ಸ್ವಲ್ಪ ಮಾಸಲು ಹಸಿರು ಇರುತ್ತದೆ, ಅಷ್ಟೇ. ಬೆನ್ನು ಗಾಢ ಕಂದು, ದೂರಕ್ಕೆ ಕಪ್ಪೇ. ಎದ್ದು ಹಾರಿದಾಗ ರೆಕ್ಕೆಯ ಅಡಿ ಕೂಡ ಕಪ್ಪು, ಆ ಕಪ್ಪಿನ ನಡುವೆ ಬಾಲದ ಬುಡದ ಬಿಳಿ ಫಳಕ್ಕನೆ ಹೊಳೆಯುತ್ತದೆ. ಕೂಗು ಚೂಪು. "ಟ್ಲುಯೀ, ವೀಟ್, ವೀಟ್" ಅಂತ ಕೂಗುತ್ತಾ ಎತ್ತರಕ್ಕೆ ಏರಿ ಹೋಗುತ್ತದೆ. ನಾಚಿಕೆ ಸ್ವಭಾವದ ಹಕ್ಕಿ. ನೀವು ಅದನ್ನು ನೋಡುವ ಮೊದಲು ಅದು ನಿಮ್ಮನ್ನು ನೋಡಿರುತ್ತದೆ.

ಕೆಲವು ವರ್ಷಗಳ ಹಿಂದೆ ಮುಳಬಾಗಿಲು ಕಡೆಯ ಒಂದು ಕೆರೆಯಲ್ಲಿ ಬೆಳಿಗ್ಗೆ ಆರೂವರೆಯಿಂದ ತೂಬಿನ ಕಲ್ಲಿಗೆ ಒರಗಿ ಕೂತಿದ್ದೆ. ಆಗಸ್ಟ್ ಮೊದಲ ವಾರ, ಸಣ್ಣ ತುಂತುರು. ತೂಬಿನಿಂದ ಸೋರಿದ ನೀರು ನಿಂತು ಒಂದು ಚಾಪೆಯಷ್ಟು ಗುಂಡಿಯಾಗಿತ್ತು. ಹಸಿರು ಗೊರವ ಬಂದು ಆ ಗುಂಡಿಯ ಅಂಚಿಗೆ ಇಳಿಯಿತು. ಇಳಿದ ತಕ್ಷಣ ತಿನ್ನಲಿಲ್ಲ. ಒಂದು ನಿಮಿಷ ಕಲ್ಲಿನ ಹಾಗೆ ನಿಂತಿತು. ಆಮೇಲೆ ಒಂದೊಂದೇ ಹೆಜ್ಜೆ. ಬೆರಳನ್ನು ಪೂರ್ತಿ ಮೇಲೆತ್ತಿ, ಮುಚ್ಚಿ, ಮುಂದಿಟ್ಟು, ಮತ್ತೆ ಬಿಚ್ಚುತ್ತಿತ್ತು. ನೀರು ಕದಡಲೇ ಇಲ್ಲ. ಕೊಕ್ಕಿನ ತುದಿಯಿಂದ ನೀರಿನ ಮೇಲಿಂದ ಏನೋ ಸಣ್ಣದನ್ನು ಎತ್ತಿಕೊಂಡು ಮತ್ತೆ ನಿಂತಿತು. ಬೆನ್ನಿನ ಗರಿಗಳ ಅಂಚು ಸವೆದು ಹರಿದಂತಿದ್ದವು. ದೂರದಿಂದ ನಡೆದು ಬಂದವರ ಸೀರೆಯಂಚಿನ ಹಾಗೆ. ಆ ಸವೆದ ಗರಿ ನೋಡಿದರೆ ಗೊತ್ತಾಗುತ್ತದೆ, ಅದು ಈ ವರ್ಷದ ಮರಿ ಅಲ್ಲ, ಮರಿ ಮಾಡಿ ಬಂದ ದೊಡ್ಡ ಹಕ್ಕಿ ಅಂತ.

ಆ ಹಕ್ಕಿ ಮರಿ ಮಾಡಿದ್ದು ಎಲ್ಲಿ ಗೊತ್ತಾ? ಉತ್ತರ ಯುರೋಪಿನಿಂದ ಸೈಬೀರಿಯಾ ತನಕ ಹಬ್ಬಿರುವ ಪೈನ್, ಬರ್ಚ್ ಮರಗಳ ಜೌಗು ಕಾಡಿನಲ್ಲಿ. ಅದೂ ನೆಲದ ಮೇಲಲ್ಲ, ಮರದ ಮೇಲೆ. ಕೆಸರಿನ ಹಕ್ಕಿಗಳಲ್ಲಿ ಹೆಚ್ಚಿನವು ನೆಲದಲ್ಲೇ ಮೊಟ್ಟೆ ಇಡುತ್ತವೆ. ಹಸಿರು ಗೊರವ ಮಾತ್ರ ಬೇರೆ ಹಕ್ಕಿ ಬಿಟ್ಟುಹೋದ ಹಳೇ ಗೂಡು ಹುಡುಕಿ, ಅದರಲ್ಲಿ ನಾಲ್ಕು ಮೊಟ್ಟೆ ಇಡುತ್ತದೆ. ಮರಿಗಳು ಮೊಟ್ಟೆಯೊಡೆದು ಸ್ವಲ್ಪ ಹೊತ್ತಿಗೆಲ್ಲ ಮೇಲಿಂದ ನೆಲಕ್ಕೆ ಧುಮುಕುತ್ತವೆ. ಹತ್ತಿ ಉಂಡೆಯಷ್ಟೇ ತೂಕ, ಪೆಟ್ಟಾಗುವುದಿಲ್ಲ. ನಮ್ಮ ಕೆರೆಯ ಕೆಸರಿನಲ್ಲಿ ನಡೆಯುವ ಈ ಹಕ್ಕಿ ಮರದಲ್ಲಿ ಹುಟ್ಟಿದ್ದು ಅಂತ ನೆನೆಸಿಕೊಂಡರೆ ನನಗೆ ಈಗಲೂ ಆಶ್ಚರ್ಯವೇ.

ಕೋಡಿ ಕಲ್ಲಿನ ಎರಡು ಹಕ್ಕಿ ಕಾಮನ್ ಸ್ಯಾಂಡ್‌ಪೈಪರ್. ಬಾಲ ಕುಣಿಸುತ್ತದೆ ಅಂದಾಕ್ಷಣ ಕುಂಡೆಕುಸ್ಕ ಅಂದುಕೊಳ್ಳುವವರು ಜಾಸ್ತಿ. ಕುಂಡೆಕುಸ್ಕಕ್ಕೆ ಬಾಲವೇ ಉದ್ದ, ಬಾಲವಷ್ಟೇ ಕುಣಿಯುತ್ತದೆ. ಇದಕ್ಕೆ ಬಾಲ ಗಿಡ್ಡ, ಸೊಂಟದಿಂದ ಹಿಂದೆ ಇಡೀ ಮೈ ಮೇಲೆ ಕೆಳಗೆ ಆಡುತ್ತದೆ, ಮೊರದಲ್ಲಿ ರಾಗಿ ಕೇರುವಾಗ ಮೊರ ಆಡುವ ಹಾಗೆ. ಎದೆ ಪಕ್ಕದಲ್ಲಿ, ರೆಕ್ಕೆಯ ಮುಂದೆ, ಬಿಳಿ ಬಣ್ಣ ಭುಜದ ಕಡೆಗೆ ಚೂಪಾಗಿ ಏರಿರುತ್ತದೆ. ಆ ಗುರುತು ಬೇರೆ ಯಾವ ಗೊರವಕ್ಕೂ ಅಷ್ಟು ಸ್ಪಷ್ಟವಾಗಿ ಇಲ್ಲ. ಹಾರುವುದೂ ಬೇರೆ ರೀತಿ. ನೀರಿಗೆ ತಾಗುವಷ್ಟು ತಗ್ಗಿನಲ್ಲಿ, ರೆಕ್ಕೆಯನ್ನು ಪೂರ್ತಿ ಎತ್ತದೆ, ಪಟಪಟ ಬಡಿದು ಸ್ವಲ್ಪ ಜಾರಿ, ಮತ್ತೆ ಪಟಪಟ. ಎಲ್ಲಾ ವಲಸೆ ಹಕ್ಕಿಯೂ ಸೈಬೀರಿಯಾದಿಂದಲೇ ಬರುತ್ತದೆ ಅಂತ ಒಂದು ನಂಬಿಕೆ ಇದೆಯಲ್ಲ, ಅದು ಪೂರ್ತಿ ಸರಿಯಲ್ಲ. ಈ ಹಕ್ಕಿ ಕಾಶ್ಮೀರ, ಲಡಾಖ್‌ನ ಹೊಳೆ ದಂಡೆಗಳಲ್ಲೂ ಮರಿ ಮಾಡುತ್ತದೆ. ನಿಮ್ಮ ಕೋಡಿಯ ಜೋಡಿ ಅಲ್ಲಿಯದೋ ಇನ್ನೂ ಆಚೆಯದೋ, ಬರೀ ನೋಡಿ ಹೇಳಲಾಗುವುದಿಲ್ಲ.

ಇನ್ನು ಓಡಿ ಓಡಿ ನಿಲ್ಲುವ ನಾಲ್ಕೈದು ಹಕ್ಕಿ. ಕಣ್ಣಿನ ಸುತ್ತ ಹಳದಿ ಬಳೆ ಇದೆಯಾ ನೋಡಿ. ಇದ್ದರೆ ಅದು ಲಿಟಲ್ ರಿಂಗ್ಡ್ ಪ್ಲವರ್. ಇದು ನಿಮ್ಮದೇ ಕೆರೆಯ ಹಕ್ಕಿ. ಬೇಸಿಗೆಯಲ್ಲಿ ಕೆರೆ ಅಂಗಳ ಒಣಗಿ ಬಿರುಕು ಬಿಟ್ಟಾಗ ಅದೇ ಮಣ್ಣಿನ ಮೇಲೆ, ಬೆಣಚು ಕಲ್ಲುಗಳ ನಡುವೆ ಮೊಟ್ಟೆ ಇಡುತ್ತದೆ. ಗೂಡು ಅಂತ ಏನೂ ಕಟ್ಟುವುದಿಲ್ಲ, ಅಂಗೈಯಷ್ಟು ತಗ್ಗು ಅಷ್ಟೇ. ನಾಯಿಯೋ ಮನುಷ್ಯರೋ ಹತ್ತಿರ ಹೋದರೆ ರೆಕ್ಕೆ ಮುರಿದವರ ಹಾಗೆ ನೆಲದ ಮೇಲೆ ಎಳೆದುಕೊಂಡು ಓಡಿ, ನಮ್ಮನ್ನು ಬೇರೆ ಕಡೆ ಕರೆದುಕೊಂಡು ಹೋಗುತ್ತದೆ. ಈಗ ನೀವು ನೋಡುತ್ತಿರುವುದು ಬಹುಶಃ ತಂದೆ ತಾಯಿ ಮತ್ತು ಬೆಳೆದ ಮರಿಗಳು. ದೊಡ್ಡದಕ್ಕೆ ಕತ್ತಿನ ಕೆಳಗೆ ಕಪ್ಪು ಪಟ್ಟಿ ಎದ್ದು ಕಾಣುತ್ತದೆ. ಮರಿಗೆ ಅದು ಮಾಸಲು ಕಂದು, ಕೆಲವಕ್ಕೆ ನಡುವೆ ಕಡಿದೂ ಹೋಗಿರುತ್ತದೆ. ಇನ್ನೊಂದನ್ನು ಗಮನಿಸಿ. ನಿಂತಾಗ ಒಂದು ಕಾಲನ್ನು ಮುಂದಿಟ್ಟು ಕೆಸರಿನ ಮೇಲೆ ನಡುಗಿಸುತ್ತದೆ. ಅಡಿಯಲ್ಲಿರುವ ಹುಳ ಅಲುಗಾಡಿದರೆ ಸಾಕು, ಹೆಕ್ಕುತ್ತದೆ. ಚಳಿಗಾಲದಲ್ಲಿ ಇದೇ ಜಾತಿಯ ಹಕ್ಕಿಗಳು ಉತ್ತರದಿಂದಲೂ ಬಂದು ಇವುಗಳ ಜೊತೆ ಸೇರುತ್ತವೆ. ಆಗ ಯಾವುದು ಮನೆಯವರು, ಯಾವುದು ನೆಂಟರು ಅಂತ ಬೇರೆ ಮಾಡುವುದು ಕಷ್ಟ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಇಷ್ಟು ಬೇಗ ಯಾಕೆ?

ನಮಗೆ ಜುಲೈ ಅಂದರೆ ಮಳೆಗಾಲದ ನಡು. ಉತ್ತರದ ಆ ಜೌಗು ಕಾಡುಗಳಿಗೆ ಜುಲೈ ಅಂದರೆ ಬೇಸಿಗೆ ಮುಗಿಯುತ್ತಾ ಬಂತು ಅಂತ. ಹಸಿರು ಗೊರವ ಏಪ್ರಿಲ್, ಮೇ ಹೊತ್ತಿಗೆ ಅಲ್ಲಿಗೆ ತಲುಪಿ ಮೊಟ್ಟೆ ಇಡುತ್ತದೆ. ಕಾವು ಸುಮಾರು ಮೂರು ವಾರ. ಮರಿಗಳು ಹುಟ್ಟಿದ ದಿನದಿಂದಲೇ ತಾವೇ ಹೆಕ್ಕಿ ತಿನ್ನುತ್ತವೆ, ತಂದೆ ತಾಯಿ ಗುಟುಕು ಕೊಡಬೇಕಾಗಿಲ್ಲ. ಕಾವಲಿಗೆ ಒಬ್ಬರಿದ್ದರೆ ಸಾಕು. ಹಾಗಾಗಿ ಎಷ್ಟೋ ಗೊರವಗಳಲ್ಲಿ ಮರಿಗಳಿಗೆ ರೆಕ್ಕೆ ಬಲಿಯುವ ಮೊದಲೇ ಹೆಣ್ಣು ಹೊರಟುಬಿಡುತ್ತದೆ. ಗಂಡು ಮರಿಗಳ ಜೊತೆ ಉಳಿಯುತ್ತದೆ. ಹಸಿರು ಗೊರವದ ಹೆಣ್ಣುಗಳು ಜೂನ್ ತಿಂಗಳಲ್ಲೇ ದಕ್ಷಿಣಕ್ಕೆ ಮುಖ ಮಾಡುತ್ತವೆ. ಮೊಟ್ಟೆ, ಮರಿ ಕಳೆದುಕೊಂಡ ಜೋಡಿಗಳಿಗೂ ಅಲ್ಲಿ ಇನ್ನೇನು ಕೆಲಸ? ಅವೂ ಬೇಗ ಹೊರಡುತ್ತವೆ. ದಾರಿಯಲ್ಲಿ ಅಲ್ಲಲ್ಲಿ ಇಳಿದು, ತಿಂದು, ಕೊಬ್ಬು ತುಂಬಿಕೊಂಡು ಬರುವ ಹೊತ್ತಿಗೆ ಜುಲೈ ಕೊನೆ, ಆಗಸ್ಟ್ ಮೊದಲು. ಲೆಕ್ಕ ಸರಿಯಾಗಿ ಕೂರುತ್ತದೆ ಅಲ್ವಾ?

ನೀವು ಮೇಷ್ಟ್ರು, ಶಾಲೆಯಲ್ಲಿ ಗ್ಲೋಬ್ ಇದ್ದೇ ಇರುತ್ತದೆ. ಮಗಳಿಗೆ ಒಂದು ಲೆಕ್ಕ ಕೊಡಿ. ಶ್ರೀನಿವಾಸಪುರ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಆ ಕಾಡಿನ ಒಂದು ಜಾಗವನ್ನು 58 ಡಿಗ್ರಿ ಅಂತ ಇಟ್ಟುಕೊಳ್ಳಿ. ನಡುವೆ 45 ಡಿಗ್ರಿ. ಒಂದು ಡಿಗ್ರಿಗೆ 111 ಕಿಲೋಮೀಟರ್. ಗುಣಿಸಿದರೆ 4,995. ಅಂದರೆ ನೇರ ದಾರಿ ಹಿಡಿದರೂ ಐದು ಸಾವಿರ ಕಿಲೋಮೀಟರ್. ಇನ್ನೂ ಸಣ್ಣ ಹಕ್ಕಿ ಲಿಟಲ್ ಸ್ಟಿಂಟ್ ಮರಿ ಮಾಡುವುದು ಮರವೇ ಬೆಳೆಯದ ಟಂಡ್ರಾದಲ್ಲಿ, 70 ಡಿಗ್ರಿ ಆಸುಪಾಸು. ಅದರ ಲೆಕ್ಕವನ್ನು ಅವಳೇ ಮಾಡಲಿ.

ಮರಿಗಳು ಬರುವುದು ಆಮೇಲೆ, ಆಗಸ್ಟ್ ಕೊನೆ, ಸೆಪ್ಟೆಂಬರ್. ತಂದೆ ತಾಯಿ ಆಗಲೇ ಹೊರಟಿರುತ್ತವೆ. ದಾರಿ ತೋರಿಸುವವರು ಇಲ್ಲದೆ, ಹುಟ್ಟಿ ಎರಡು ಮೂರು ತಿಂಗಳಿಗೆ, ಯಾವತ್ತೂ ನೋಡಿರದ ಕೆರೆಗೆ ಬಂದು ಇಳಿಯುತ್ತವೆ. ಯಾವ ದಿಕ್ಕಿಗೆ ಹೋಗಬೇಕು ಅನ್ನುವುದು ಹುಟ್ಟಿನಿಂದಲೇ ಬಂದಿರುತ್ತದೆ. ಇವನ್ನು ಗುರುತಿಸುವುದು ಸುಲಭ. ದೊಡ್ಡವುಗಳ ಗರಿ ಸವೆದು ಮಂಕಾಗಿದ್ದರೆ, ಇವುಗಳದ್ದು ಹೊಸ ಬಟ್ಟೆ. ಬೆನ್ನಿನ ಒಂದೊಂದು ಗರಿಗೂ ತಿಳಿ ಬಣ್ಣದ ಅಂಚು, ಹೆಂಚು ಜೋಡಿಸಿದ ಹಾಗೆ ಸಾಲು ಸಾಲು. ಸೆಪ್ಟೆಂಬರಿನಲ್ಲಿ ಮಗಳಿಗೆ ಇದನ್ನು ತೋರಿಸಿ.

ಒಂದು ಎಚ್ಚರಿಕೆ ಮಾತು. ಜೂನ್ ಮಧ್ಯದಲ್ಲಿ ಗೊರವ ಕಂಡರೆ ವಲಸೆ ಶುರುವಾಯಿತು ಅಂತ ಬರೆದುಬಿಡಬೇಡಿ. ಕೆಲವು ಹಕ್ಕಿಗಳು, ಅದರಲ್ಲೂ ಒಂದು ವರ್ಷದವು, ಉತ್ತರಕ್ಕೆ ವಾಪಸ್ ಹೋಗದೆ ಇಲ್ಲೇ ಉಳಿದುಬಿಡುತ್ತವೆ. ಕಡಲ ತೀರದಲ್ಲಿ ಇದು ಜಾಸ್ತಿ, ನಮ್ಮ ಒಳನಾಡಿನ ಕೆರೆಗಳಲ್ಲಿ ಅಪರೂಪ. ನಿಮ್ಮ ವಿಷಯದಲ್ಲಿ ಈ ಅನುಮಾನ ಬರುವುದಿಲ್ಲ. ಯಾಕೆ ಅಂದರೆ ನೀವು ಜೂನ್, ಜುಲೈ ದಿನಾ ಹೋಗಿದ್ದೀರಿ, ಇರಲಿಲ್ಲ. 27ಕ್ಕೆ ಬಂತು. "ಇರಲಿಲ್ಲ" ಅನ್ನುವುದನ್ನು ಬರೆದಿಡುವವರು ಕಡಿಮೆ, ಅದಕ್ಕೇ ನಿಮ್ಮ ಮಗಳ ನೋಟ್‌ಬುಕ್ ನನಗೆ ಅಷ್ಟು ಇಷ್ಟವಾಯಿತು.

ನವೆಂಬರ್ ಅನ್ನುವ ಮಾತು ಬಂದಿದ್ದು ಬಾತುಗಳಿಂದ. ಸೂಜಿಬಾಲದ ಬಾತು, ಚಲುಕದ ಬಾತು, ಪಟ್ಟೆತಲೆ ಹೆಬ್ಬಾತು ಇವೆಲ್ಲ ಬರುವುದು ಮಳೆ ನಿಂತ ಮೇಲೆ, ಅಕ್ಟೋಬರ್ ನವೆಂಬರಿನಲ್ಲಿ. ದೊಡ್ಡ ಹಕ್ಕಿ, ದೊಡ್ಡ ಗುಂಪು, ನೀರಿನ ನಡುವೆ ತೇಲುತ್ತವೆ, ಎಲ್ಲರ ಕಣ್ಣಿಗೂ ಬೀಳುತ್ತವೆ. ಗೊರವ ಒಂದೋ ಎರಡೋ, ಕೆಸರಿನ ಬಣ್ಣ, ಮಳೆಯಲ್ಲಿ ಯಾರು ನೋಡುತ್ತಾರೆ? ನಾವು ಎಣಿಸುವುದೂ ಚಳಿಗಾಲದಲ್ಲೇ. ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ನಡೆಯುತ್ತಿದೆ, ಅದು ಪ್ರತಿ ಜನವರಿಯಲ್ಲಿ. ಅದು ಬಹಳ ಬೆಲೆಯ ಕೆಲಸ, ನಾನೂ ಅದರಲ್ಲಿ ಎಣಿಸಿದ್ದೇನೆ. ಆದರೆ ಆಗಸ್ಟಿನಲ್ಲಿ ಬಂದು ಒಂದು ವಾರ ತಿಂದು ಮುಂದೆ ಹಾರಿಹೋದ ಹಕ್ಕಿ ಜನವರಿಯ ಲೆಕ್ಕದಲ್ಲಿ ಸಿಗುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿ ಕೆರೆಗಳಿಂದ ಆಗಸ್ಟ್ ತಿಂಗಳ ದಾಖಲೆ ನಿಮ್ಮಂಥವರು ಬರೆದರೆ ಮಾತ್ರ ಉಂಟು.

ಬೇಸಿಗೆ ಪಟ್ಟಿಯ ಬಗ್ಗೆ ಎರಡು ಮಾತು. ಚೆನ್ನಾಗಿದೆ. ಅದರಲ್ಲಿರುವ ಆರೂ ವರ್ಷವಿಡೀ ನಮ್ಮ ಸೀಮೆಯಲ್ಲೇ ಇರುವವು. ಮೆಟ್ಟುಗಾಲು ಹಕ್ಕಿಯಲ್ಲಿ ಮಾತ್ರ ಈಗ ಒಂದು ಗೊಂದಲ ಆಗಬಹುದು. ಈ ವರ್ಷದ ಮರಿಗಳಿಗೆ ಬೆನ್ನು ಕಪ್ಪಲ್ಲ, ಕಂದು. ಕಾಲೂ ಅಷ್ಟು ಗುಲಾಬಿ ಇರುವುದಿಲ್ಲ, ಮಾಸಲು. ಹೊಸ ಹಕ್ಕಿ ಬಂತು ಅಂತ ಎಷ್ಟೋ ಜನ ಮೋಸ ಹೋಗುತ್ತಾರೆ. ಟಿಟ್ಟಿಭದ್ದು ಇನ್ನೊಂದು ಸೊಗಸು ಇದೆ, ಮುಂದಿನ ಏಪ್ರಿಲ್‌ನಲ್ಲಿ ಕಾದು ನೋಡಿ. ಬಿಸಿಲು ನೆತ್ತಿಗೆ ಬಂದಾಗ ಅದು ನೀರಿಗೆ ಓಡಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆ ಮೇಲೆ ಕೂರುತ್ತದೆ. ನಾವು ಮಡಕೆಗೆ ಒದ್ದೆ ಬಟ್ಟೆ ಸುತ್ತುತ್ತೇವಲ್ಲ, ಹಾಗೆ. ಕಾವು ಕೊಡುವುದಷ್ಟೇ ಅಲ್ಲ, ಮೊಟ್ಟೆ ಬೇಯದ ಹಾಗೆ ತಂಪು ಮಾಡುವುದೂ ಅದರದೇ ಕೆಲಸ.

ಬಣ್ಣದ ಕೊಕ್ಕರೆಗೆ ನಿಮ್ಮ ಕೆರೆ ಊಟದ ಜಾಗ, ಮನೆ ಬೇರೆ ಎಲ್ಲೋ. ತುಮಕೂರು ಜಿಲ್ಲೆ ಶಿರಾ ತಾಲೂಕಿನ ಕಗ್ಗಲಡುವಿನಲ್ಲಿ ಊರ ನಡುವಿನ ಹುಣಸೆ ಮರಗಳಲ್ಲೇ ಇವು ಗೂಡು ಕಟ್ಟುತ್ತವೆ. ಜನ ಅವನ್ನು ಊರಿನ ಮಕ್ಕಳಂತೆ ಕಾಯುತ್ತಾರೆ. ಒಮ್ಮೆ ಮಗಳನ್ನು ಕರೆದುಕೊಂಡು ಹೋಗಿ, ಮಾರ್ಚ್ ಏಪ್ರಿಲ್‌ನಲ್ಲಿ. ಮರದಡಿ ನಿಂತರೆ ತಲೆ ಮೇಲೆ ಟವೆಲ್ ಇರಲಿ.

ಮುಂದೆ ಏನು ಬರುತ್ತದೆ? ಆಗಸ್ಟಿನಲ್ಲಿ ವುಡ್ ಸ್ಯಾಂಡ್‌ಪೈಪರ್ ಬರುತ್ತದೆ. ಹಸಿರು ಗೊರವದ ತಮ್ಮನ ಹಾಗಿದೆ, ಅದಕ್ಕೂ ಬಾಲದ ಬುಡ ಬಿಳಿ. ವ್ಯತ್ಯಾಸ ಎಲ್ಲಿ ಅಂದರೆ, ಹುಬ್ಬು ನೋಡಿ. ಹಸಿರು ಗೊರವಕ್ಕೆ ಬಿಳಿ ಹುಬ್ಬು ಕಣ್ಣಿನ ಮುಂದೆ ಮಾತ್ರ. ಇದಕ್ಕೆ ಕಣ್ಣು ದಾಟಿ ಹಿಂದೆ ತನಕ. ಬೆನ್ನ ಮೇಲೆ ಚುಕ್ಕೆ ಜಾಸ್ತಿ, ಕಾಲು ಹಳದಿ, ರೆಕ್ಕೆಯಡಿ ತಿಳಿ. ಮತ್ತೆ ಇದು ಒಂಟಿಯಲ್ಲ, ಐದು ಹತ್ತು ಒಟ್ಟಿಗೆ ಇರುತ್ತವೆ, ಒಂದು ಎದ್ದರೆ ಎಲ್ಲ "ಚಿಫ್ ಇಫ್ ಇಫ್" ಅನ್ನುತ್ತಾ ಏಳುತ್ತವೆ. ಅದರ ಹಿಂದೆ ಗ್ರೀನ್‌ಶ್ಯಾಂಕ್, ಎತ್ತರದ ಬೂದು ಹಕ್ಕಿ, ಕೊಕ್ಕಿನ ತುದಿ ಸ್ವಲ್ಪ ಮೇಲಕ್ಕೆ ಬಾಗಿರುತ್ತದೆ. "ಟ್ಯೂ ಟ್ಯೂ ಟ್ಯೂ" ಅಂತ ಮೂರು ಸಲ ಕೂಗಿದರೆ ಅದೇ. ಮಖ ಮಳೆ, ಹುಬ್ಬೆ ಮಳೆ ಹೊತ್ತಿಗೆ ಸ್ಟಿಂಟ್‌ಗಳು. ಗುಬ್ಬಚ್ಚಿ ಗಾತ್ರ, ರಾಗಿ ಹೆಕ್ಕುವ ಕೋಳಿಮರಿಗಳ ಹಾಗೆ ತಲೆ ಎತ್ತದೆ ಕುಟುಕುತ್ತಲೇ ಇರುತ್ತವೆ. ಕಾಲು ಕಪ್ಪಾದರೆ ಲಿಟಲ್ ಸ್ಟಿಂಟ್, ಹಳದಿ ಮಿಶ್ರ ತಿಳಿ ಬಣ್ಣವಾದರೆ ಟೆಮ್ಮಿಂಕ್ಸ್ ಸ್ಟಿಂಟ್. ಕಾಲಿಗೆ ಕೆಸರು ಮೆತ್ತಿದ್ದರೆ ಎರಡೂ ಕಪ್ಪೇ, ಅದು ನೀರಿಗೆ ಇಳಿದು ಕಾಲು ತೊಳೆಯುವ ತನಕ ಕಾಯಿರಿ.

ಈಗ ಹೂಳಿನ ವಿಷಯ. ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು.

ನಮ್ಮ ಸೀಮೆಗೆ ವರ್ಷವಿಡೀ ಹರಿಯುವ ನದಿ ಇಲ್ಲ. ಇರುವುದೆಲ್ಲ ಕೆರೆ. ದೊಡ್ಡ ಮಳೆ ನಮಗೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಹಾಗಾಗಿ ಆಗಸ್ಟಿನಲ್ಲಿ ಕೆರೆಗಳು ಅರೆ ಖಾಲಿ. ನಡುವೆ ಸ್ವಲ್ಪ ನೀರು, ಸುತ್ತ ಕೆಸರು. ನೋಡುವವರಿಗೆ ಬೇಸರ, ಗೊರವಕ್ಕೆ ಅದೇ ಹಬ್ಬದೂಟ. ಆ ಕೆಸರಿನಲ್ಲಿ ಸೊಳ್ಳೆಯಂಥ ಕೀಟಗಳ ಕೆಂಪು ಹುಳ, ಸಣ್ಣ ಬಸವನಹುಳು, ನೀರುಜೀರುಂಡೆಯ ಮರಿ ತುಂಬಿರುತ್ತವೆ. ನಿಮಗೆ ನಂಬಿಕೆ ಬರದಿದ್ದರೆ ಅಂಚಿನ ಒಂದು ಹಿಡಿ ಕೆಸರನ್ನು ಬಿಳಿ ತಟ್ಟೆಗೆ ಹಾಕಿ, ನೀರು ಬಿಟ್ಟು, ಐದು ನಿಮಿಷ ಸುಮ್ನೆ ನೋಡಿ. ಶಾಲೆಯಲ್ಲೇ ಮಾಡಬಹುದು. ಐದು ಸಾವಿರ ಕಿಲೋಮೀಟರ್ ಹಾರಿ ಬಂದ ಹಕ್ಕಿ ಸುಟ್ಟುಹೋದ ಕೊಬ್ಬನ್ನು ಮತ್ತೆ ತುಂಬಿಕೊಳ್ಳುವುದು ಆ ತಟ್ಟೆಯಲ್ಲಿ ಕಾಣುವುದರಿಂದಲೇ.

ಆದರೆ ಕೊಕ್ಕು ಮುಟ್ಟುವ ಜಾಗ ಬೇಕಲ್ಲ. ಸ್ಟಿಂಟ್‌ಗೆ ಒಂದು ಬೆರಳು ನೀರು ಸಾಕು. ವುಡ್ ಸ್ಯಾಂಡ್‌ಪೈಪರ್‌ಗೆ ಎರಡು ಮೂರು ಬೆರಳು. ಮೆಟ್ಟುಗಾಲು ಹಕ್ಕಿಗೆ ಒಂದು ಗೇಣಿನ ತನಕ ಆಗುತ್ತದೆ. ಅದಕ್ಕಿಂತ ಆಳವಾದರೆ ಈ ಹಕ್ಕಿಗಳಿಗೆ ಆ ಕೆರೆ ಇದ್ದೂ ಇಲ್ಲದ ಹಾಗೆ. ಜೆಸಿಬಿ ತಂದು ಸುತ್ತಲೂ ಒಂದೇ ಸಮ ಕಡಿದಾಗಿ ಬಗೆದರೆ ಕೆರೆ ಬಾಣಲೆಯಂತಲ್ಲ, ಬಾವಿಯಂತೆ ಆಗುತ್ತದೆ. ದಡದಿಂದ ಕಾಲಿಟ್ಟರೆ ನೇರ ಸೊಂಟದ ಮಟ್ಟ. ನೀರು ಇಳಿದರೂ ಕೆಸರಿನ ಅಂಚು ಒಂದು ಅಡಿ ಅಗಲವೂ ಸಿಗುವುದಿಲ್ಲ. ಹೀಗೆ ಮಾಡಿದ ಒಂದು ಕೆರೆಯನ್ನು ನಾನು ಮೊದಲಿನಿಂದ ನೋಡಿದ್ದೇನೆ. ಮುಂಚೆ ಆಗಸ್ಟಿನಲ್ಲಿ ನಾಲ್ಕೈದು ಜಾತಿಯ ಗೊರವ ಸಿಗುತ್ತಿತ್ತು. ಈಗ ಬೇಲಿ, ನಡೆಯುವ ದಾರಿ, ಬೆಂಚು ಎಲ್ಲ ಇದೆ. ನೀರಿನಲ್ಲಿ ನೀರುಕಾಗೆ ಇದೆ. ಗೊರವ ಇಲ್ಲ. ಅಲ್ಲಿ ಹೋದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹೂಳು ತೆಗೆಯಬೇಡಿ ಅಂತ ನಾನು ಹೇಳುತ್ತಿಲ್ಲ. ಕೆರೆ ಮೊದಲು ಊರಿನದು. ಬೋರ್‌ವೆಲ್ಲಿಗೆ ನೀರು ಬರಬೇಕು, ದನಕ್ಕೆ ಬೇಕು, ಗೋಡು ಹೊಲಕ್ಕೆ ಬೇಕು. ಎಲ್ಲಿ ತೆಗೆಯಬೇಕು ಅನ್ನುವುದಷ್ಟೇ ಮಾತು. ಏರಿಯಿಂದ ಸುರಕ್ಷಿತ ದೂರ ಬಿಟ್ಟು, ಏರಿ ಕಡೆಯ ಅರ್ಧವನ್ನು ಆಳ ಮಾಡಿ. ಹಳ್ಳದ ನೀರು ಒಳಗೆ ಬರುವ ಕಡೆಯನ್ನು ಹಾಗೇ ಬಿಡಿ. ಅಲ್ಲಿ ನೆಲ ನಿಧಾನವಾಗಿ ಇಳಿಜಾರಾಗಿರುತ್ತದೆ, ನೀರು ಒಂದು ಗೇಣು ಇಳಿದರೆ ಹತ್ತಾರು ಮಾರು ಕೆಸರು ಬಿಚ್ಚಿಕೊಳ್ಳುತ್ತದೆ. ವಾರ ವಾರ ಹೊಸ ಕೆಸರು, ಹೊಸ ಊಟ. ಆ ಕಡೆ ಬಳ್ಳಾರಿ ಜಾಲಿ ಬೆಳೆದಿದ್ದರೆ ಕೀಳಿಸಿ. ಈ ಹಕ್ಕಿಗಳಿಗೆ ಸುತ್ತ ಬಯಲು ಬೇಕು, ಗಿಡುಗ ಬಂದರೆ ದೂರದಿಂದ ಕಾಣಬೇಕು. ನಡುವೆ ಮಣ್ಣು ಗುಡ್ಡೆ ಹಾಕಿ ದ್ವೀಪ ಮಾಡಿ ಮರ ನೆಡುವುದು ಈಗ ರೂಢಿಯಾಗಿದೆ. ಬೆಳ್ಳಕ್ಕಿ, ನೀರುಕಾಗೆಗೆ ರಾತ್ರಿ ಕೂರಲು ಅದು ಒಳ್ಳೆಯದೇ, ಗೊರವಕ್ಕೆ ಅದರಿಂದ ಏನೂ ಇಲ್ಲ. ಕೆಲಸ ಶುರುವಾಗುವ ಮೊದಲು, ಏಪ್ರಿಲ್ ಮೇನಲ್ಲಿ, ಅಂಗಳದಲ್ಲಿ ಟಿಟ್ಟಿಭ, ಪ್ಲವರ್‌ನ ಮೊಟ್ಟೆ ಇದೆಯಾ ಅಂತ ಮಕ್ಕಳನ್ನು ಕರೆದುಕೊಂಡು ಒಂದು ಸುತ್ತು ನೋಡಿ. ಇದ್ದರೆ ಆ ತುಂಡನ್ನು ಮೂರು ನಾಲ್ಕು ವಾರ ತಡವಾಗಿ ಬಗೆಯಲು ಗುತ್ತಿಗೆಯವರಿಗೆ ಹೇಳಿ. ಪಂಚಾಯ್ತಿಯಲ್ಲಿ ಮೇಷ್ಟ್ರ ಮಾತಿಗೆ ಬೆಲೆ ಇರುತ್ತದೆ, ನಕ್ಷೆ ಮಾಡುವಾಗಲೇ ಹೋಗಿ ಮಾತಾಡಿ. ಜೆಸಿಬಿ ಬಂದ ಮೇಲೆ ಯಾರೂ ಕೇಳುವುದಿಲ್ಲ.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ, ಮೊದಲು ಬಂದಿದ್ದು ಲಕ್ಷ್ಮೀಸಾಗರ ಕೆರೆಗೆ. ಆ ಸಾಲಿನ ಕೆರೆಗಳಲ್ಲಿ ನಾನು ನೋಡಿದ ಮಟ್ಟಿಗೆ ಹೆಜ್ಜಾರ್ಲೆ, ನೀರುಕಾಗೆ ಹೆಚ್ಚಾಗಿವೆ. ವರ್ಷವಿಡೀ ತುಂಬಿರುವುದರಿಂದ ಕೆಸರಿನ ಅಂಚು ಮಾತ್ರ ಕಿರಿದಾಗಿದೆ. ಹಾಗಿರುವಾಗ ನಿಮ್ಮ ಕೆರೆಯಂತೆ ಮಳೆ ನಂಬಿ ಏರಿ ಇಳಿಯುವ ಕೆರೆಗಳ ಅಂಚು ಇನ್ನೂ ಮುಖ್ಯ. 2021ರ ನವೆಂಬರಿನಲ್ಲಿ ಜಿಲ್ಲೆಯ ಎಷ್ಟೋ ಕೆರೆ ಕೋಡಿ ಹರಿದವಲ್ಲ, ಆಗ ಗೊರವಗಳೆಲ್ಲ ಕೆರೆ ಬಿಟ್ಟು ಗದ್ದೆ ಬಯಲು, ಕಾಲುವೆ ಬದು ಸೇರಿಕೊಂಡಿದ್ದನ್ನು ನೋಡಿದೆ. ನಿಮ್ಮ ಕೆರೆ ತುಂಬಿದ ವರ್ಷ ಹಕ್ಕಿ ಕಾಣದಿದ್ದರೆ ಗಾಬರಿ ಬೇಡ, ಅಚ್ಚುಕಟ್ಟಿನ ಕಡೆ ಹೋಗಿ ಹುಡುಕಿ.

ನೋಡುವ ಬಗೆ ಹೀಗಿರಲಿ. ಬೆಳಿಗ್ಗೆ ಸೂರ್ಯ ಬೆನ್ನಿಗಿರುವಂತೆ ಪೂರ್ವದ ದಡದಲ್ಲಿ ಕೂರಿ. ನಡೆಯುವುದಕ್ಕಿಂತ ಕೂರುವುದು ಮೇಲು. ಹದಿನೈದು ನಿಮಿಷ ಅಲುಗದೆ ಕೂತರೆ ಹಕ್ಕಿಯೇ ಹತ್ತಿರ ಬರುತ್ತದೆ. ಫೋಟೋಗೆಂದು ಕೆಸರಿಗೆ ಇಳಿದು ಅಟ್ಟಬೇಡಿ. ದೂರದಿಂದ ಬಂದ ಹಕ್ಕಿಯನ್ನು ಒಂದೊಂದು ಸಲ ಎಬ್ಬಿಸಿದಾಗಲೂ ಅದು ತಿಂದಿದ್ದನ್ನು ಖರ್ಚು ಮಾಡಿಸಿದ ಹಾಗೆ. 8 ಪಟ್ಟು ತೋರಿಸುವ ಸಾಧಾರಣ ಬೈನಾಕ್ಯುಲರ್ ಸಾಕು. ಮೊದಲು ಕಾಲಿನ ಬಣ್ಣ, ಆಮೇಲೆ ಹುಬ್ಬು, ಹಾರಿದಾಗ ಬಾಲದ ಬುಡ, ಕೊನೆಗೆ ಕೂಗು. ಕೂಗನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಕಾಲಿನಲ್ಲಿ ಹಕ್ಕಿ ಅಧ್ಯಯನ ಮಾಡುವವರು ತೊಡಿಸಿದ ಬಳೆಯೋ ಬಣ್ಣದ ಪಟ್ಟಿಯೋ ಕಂಡರೆ ಯಾವ ಕಾಲು, ಯಾವ ಬಣ್ಣ, ಅಕ್ಷರ ಇದ್ದರೆ ಏನು ಅಂತ ಬರೆದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿ. ಆ ಹಕ್ಕಿ ಎಲ್ಲಿ ಬಳೆ ತೊಟ್ಟಿತು ಅಂತ ಅವರಿಂದ ಗೊತ್ತಾಗಬಹುದು.

ಮಗಳ ನೋಟ್‌ಬುಕ್ಕಿಗೆ ಇನ್ನೊಂದು ಕಾಲಂ ಸೇರಿಸಿ, ನೀರಿನ ಮಟ್ಟ. ತೂಬಿನ ಎಷ್ಟನೇ ಕಲ್ಲಿನ ತನಕ ನೀರಿದೆ ಅಂತ ಬರೆದರೆ ಸಾಕು. ದೊಡ್ಡ ಮಳೆ ಬಂದು ಆ ಕಲ್ಲು ಮುಳುಗುವ ತನಕ ತೂಬಿನ ಹತ್ತಿರ ಹಸಿರು ಗೊರವ ಎಷ್ಟು ದಿನ ಉಳಿಯಿತು ಅನ್ನುವುದನ್ನು ನನಗೆ ತಪ್ಪದೆ ಬರೆದು ಕಳಿಸಿ. ಹೋದ ದಿನದ ತಾರೀಕು ಸಮೇತ.